ಗುಣವಾಗದೆ ಮನೆಗೆ ಹೋದವರು
(ಬೆಳಗಾವಿಯ ಕ್ಯಾಂಪ್ ಪ್ರದೇಶದಲ್ಲಿ ಯುವಜನರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಸ್ವಸ್ಥತೆಯ ಪ್ರಾರ್ಥನೆ ಇದೆ ಅಂದರೆ ನಮ್ಮ ಕಡೆ ಜನ ತಾವಾಗಿಯೇ ಸೇರುತ್ತಾರೆ. ಕ್ರೈಸ್ತರಷ್ಟೇ ಅಲ್ಲ, ಎಲ್ಲರೂ ಬರುತ್ತಾರೆ. ನಾನು ಅದನ್ನು ಗೇಲಿ ಮಾಡೋಕೆ ನಿಂತಿಲ್ಲ. ದೇವರು ಗುಣ ಮಾಡಬಲ್ಲ ಅಂತ ನಾನೂ ನಂಬುತ್ತೇನೆ. ನನ್ನ ತಕರಾರು ಬೇರೆ. ಗುಣವಾಗದೆ ಮನೆಗೆ ಹೋದವರ ಜೊತೆ ನಾವು ಹೇಗೆ ನಡೆದುಕೊಳ್ಳುತ್ತೇವೆ?

"ನಿಮ್ಮ ವಿಶ್ವಾಸ ಸಾಲದು" ಅಂದುಬಿಡುತ್ತೇವೆ. ಊರಲ್ಲಿ "ಹಿಂದಿನ ಜನ್ಮದ ಪಾಪ" ಅಂತಾರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ತಪ್ಪು ಹೋಗಿ ಕೂರೋದು ಕುಂಟುವವನ ತಲೆಯ ಮೇಲೆಯೇ. ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 2ನೇ ಅಧ್ಯಾಯ ಓದಿ. ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಚಾವಣಿ ಬಿಚ್ಚಿ ಕೆಳಗಿಳಿಸುತ್ತಾರೆ. ಯೇಸು "ಅವರ" ನಂಬಿಕೆಯನ್ನು ನೋಡಿದ ಅಂತ ಅಲ್ಲಿದೆ. ಹಾಗಾದರೆ ವಿಶ್ವಾಸ ಕಡಿಮೆ ಬಿದ್ದಾಗ ಮೊದಲು ಕೇಳಬೇಕಾದದ್ದು ಹೊರುವವರನ್ನು, ಅಲ್ವಾ?

ಯೋಹಾನನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನೊಬ್ಬ ಬರುತ್ತಾನೆ. ಯಾರ ಪಾಪದಿಂದ ಹೀಗಾಯ್ತು, ಇವನದೋ ಇವನ ಅಪ್ಪ ಅಮ್ಮನದೋ ಅಂತ ಶಿಷ್ಯರ ಪ್ರಶ್ನೆ. ಯಾರದೂ ಅಲ್ಲ ಅಂತ ಯೇಸುವಿನ ಉತ್ತರ. ಇಷ್ಟನ್ನು ಎಲ್ಲರೂ ಪ್ರಸಂಗದಲ್ಲಿ ಹೇಳುತ್ತಾರೆ. ಮುಂದಿನ ಭಾಗವನ್ನು ಯಾಕೋ ಬಿಟ್ಟುಬಿಡುತ್ತಾರೆ.

ಯೇಸು ಹೇಳಿದಂತೆ ಆ ಕುರುಡ ಸಿಲೋವ ಕೊಳದಲ್ಲಿ ಕಣ್ಣು ತೊಳೆದುಕೊಂಡು ಬರುತ್ತಾನೆ. ಕಣ್ಣು ಕಾಣುತ್ತಿದೆ. ಯಾರಿಗಾದರೂ ಖುಷಿಯಾಯಿತಾ? ಇಲ್ಲ. ಇವನು ಅವನೇನಾ ಅಂತ ನೆರೆಯವರಿಗೆ ಅನುಮಾನ. ಧರ್ಮದ ಕಟ್ಟಳೆ ಬಿಗಿಯಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರಾದ ಫರಿಸಾಯರದ್ದು ವಿಚಾರಣೆ. ಅಪ್ಪ ಅಮ್ಮ ಹೆದರಿ, "ಅವನೇನು ಚಿಕ್ಕವನಲ್ಲ, ಅವನನ್ನೇ ಕೇಳಿ" ಅಂತ ಜಾರಿಕೊಳ್ಳುತ್ತಾರೆ. ಕೊನೆಗೆ ಅವನನ್ನು ಹೊರಗೆ ಹಾಕುತ್ತಾರೆ. ಯೇಸುವಿಗೆ ಆ ಸುದ್ದಿ ತಿಳಿಯುತ್ತದೆ. ಅವನನ್ನು ಮತ್ತೆ ಕಂಡು ಮಾತಾಡಿಸುತ್ತಾನೆ. ಮೊದಲ ಭೇಟಿಯಲ್ಲಿ ಆ ಮನುಷ್ಯ ಯೇಸುವಿನ ಮುಖ ನೋಡಿರಲೇ ಇಲ್ಲ. ನೋಡಿದ್ದು ಈಗ. ನನ್ನ ಮಟ್ಟಿಗೆ ಈ ಅಧ್ಯಾಯದಲ್ಲಿ ಪ್ರೀತಿ ಎದ್ದು ಕಾಣೋದು ಇಲ್ಲಿ. ಪವಾಡ ಆಗಲೇ ಮುಗಿದಿದೆ, ಗುಂಪೂ ಇಲ್ಲ.

ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲನನ್ನೇ ತಗೊಳ್ಳಿ. ಬೇರೆಯವರನ್ನು ಗುಣಪಡಿಸಿದವನು. "ಶರೀರದ ಮುಳ್ಳು" ಅಂತ ತಾನೇ ಕರೆದ ಬಾಧೆಯೊಂದನ್ನು ತೆಗೆ ಅಂತ ಪ್ರಭುವನ್ನು ಮೂರು ಸಲ ಬೇಡಿಕೊಂಡ. ಸಿಕ್ಕ ಉತ್ತರ "ನನ್ನ ಕೃಪೆಯೇ ನಿನಗೆ ಸಾಕು". ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಅಂತ ಬರೆಯುತ್ತಾನೆ. ತ್ರೊಫಿಮನ ವಿಶ್ವಾಸ ಕಡಿಮೆ ಅಂತ ಒಂದು ಮಾತೂ ಇಲ್ಲ.

ಹಿಂಡಲಗಾದ ಕುಷ್ಠರೋಗ ಆಸ್ಪತ್ರೆ ನಿಮಗೆ ಗೊತ್ತಿದೆ. ಈಗ ಬಹು ಔಷಧಿ ಚಿಕಿತ್ಸೆಯಿಂದ ಕುಷ್ಠ ಪೂರ್ತಿ ವಾಸಿಯಾಗುತ್ತದೆ. ಆದರೆ ನರ ಸತ್ತ ಬೆರಳಿಗೆ ಸ್ಪರ್ಶ ವಾಪಸ್ ಬರೋದು ಕಷ್ಟ. ಬಿಸಿ ಪಾತ್ರೆ ಹಿಡಿದರೂ ಸುಟ್ಟದ್ದು ಗೊತ್ತಾಗಲ್ಲ. ರೋಗ ಹೋದರೂ ಮಡಚಿದ ಕೈ ಹಾಗೇ ಇರುತ್ತದೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಇಂಥ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿ ಬೆರಳು ಆಡುವಂತೆ ಮಾಡಿದರು. ಅಲ್ಲೇ ಇದ್ದ ಯುವ ವೈದ್ಯೆ ಮೇರಿ ವರ್ಗೀಸ್ 1954ರಲ್ಲಿ ವಾಹನ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ನಡೆಯಲಾರದಂತಾದರು. ಪ್ರಾರ್ಥನೆ ಮಾಡುವವರು ಕಡಿಮೆ ಇರಲಿಲ್ಲ. ಕಾಲು ಬರಲಿಲ್ಲ. ಅವರು ವ್ಹೀಲ್‌ಚೇರಿನಲ್ಲಿ ಕೂತೇ ಕುಷ್ಠರೋಗಿಗಳ ಕೈಗೆ ಆಪರೇಷನ್ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ಶುರು ಮಾಡಿದರು. ಇದನ್ನು ಪವಾಡ ಅನ್ನಬೇಕೋ ಬೇಡವೋ, ನೀವೇ ಮಾತಾಡಿಕೊಳ್ಳಿ.

ಇನ್ನು ನಾವು ಮಾಡಬಹುದಾದದ್ದು. ಯೆರಿಕೋವಿನ ಕುರುಡ ಬಾರ್ತಿಮಾಯನನ್ನು ಯೇಸು ಮೊದಲು ಕೇಳಿದ್ದು, ನಿನಗೆ ಏನು ಮಾಡಬೇಕು ಅಂತ. ನಾವು ಕೇಳೋದೇ ಇಲ್ಲ. ಸೀದಾ ತಲೆ ಮೇಲೆ ಕೈ ಇಡುತ್ತೇವೆ. ಖಾನಾಪುರ ಕಡೆಯ, ಪೋಲಿಯೋ ಆದ ಅಕ್ಕ ಒಬ್ಬರನ್ನು ಒಮ್ಮೆ ಕೇಳಿದೆ, "ಅಕ್ಕಾ, ಏನಂತ ಪ್ರಾರ್ಥನೆ ಮಾಡಲಿ?" ಅವರು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಕ್ಯಾಲಿಪರ್, ಅಂದರೆ ಕಾಲಿಗೆ ಆಸರೆಯಾಗಿ ಕಟ್ಟುವ ಸಾಧನ, ತೋರಿಸಿದರು. ಮೊಣಕಾಲ ಕೆಳಗಿನ ಪಟ್ಟಿ ಹರಿದು, ಬಕಲ್ ಚರ್ಮಕ್ಕೆ ಒತ್ತಿ ಗಾಯವಾಗಿತ್ತು. "ಪ್ರಾರ್ಥನೆ ಆಮೇಲೆ ಮಾಡ್ರಿ ಪಾಸ್ಟರ್, ಮೊದಲು ಖಡೇಬಜಾರದಾಗ ಇದನ್ನ ಹೊಲಿಸಿಕೊಂಡು ಬರ್ರಿ. ಮತ್ತ ಬಸ್ ಪಾಸ್ ರಿನ್ಯೂ ಆಗಿಲ್ಲ, ಅದನ್ನೂ ನೋಡ್ರಿ" ಅಂದರು.

ಪಟ್ಟಿ ಅವತ್ತೇ ಹೊಲಿಸಿದೆವು. ಪಾಸಿಗೆ ಮಾತ್ರ ಜಾಸ್ತಿ ಓಡಾಡಬೇಕಾಯಿತು.