ಮಂಗನ ರಕ್ತ ಹೇಳುವುದೇನು?

ಕೇಳುಗರಿಗೆ ನಮಸ್ಕಾರ. ಮಂಗ, ಕಾಯಿಲೆ ಎರಡೂ ಒಟ್ಟಿಗೆ ಕಿವಿಗೆ ಬಿದ್ದರೆ ಸಾಕು, ನಮಗೆಲ್ಲ ಕ್ಯಾಸನೂರು ನೆನಪಾಗುತ್ತದೆ. 1957ರಲ್ಲಿ ಶಿವಮೊಗ್ಗ ಕಡೆ ಕಂಡ ಆ ಕಾಯಿಲೆ ವೈರಸ್‌ನದು, ಹರಡುವುದು ಉಣುಗಿನಿಂದ. ಇವತ್ತು ನಾನು ಹೇಳಹೊರಟಿರುವುದು ಯಾಸ್ ಎಂಬ ಚರ್ಮರೋಗ ತರುವ ಬ್ಯಾಕ್ಟೀರಿಯಾ ವಿಷಯ.

ಕೊರೊನಾ ಬಂದ ಮೇಲೆ ಆಂಟಿಬಾಡಿ ಎನ್ನುವ ಮಾತು ಕೊಡಗಿನ ಸಂತೆಗಳಲ್ಲೂ ಓಡಾಡಿತು. "ನಂಗೆ ಆಂಟಿಬಾಡಿ ಇದೆ, ಇನ್ನೇನು ಭಯ" ಅಂದವರೂ ಇದ್ದರು. ಆದರೆ ಆಂಟಿಬಾಡಿ ಕಾಪಾಡುತ್ತದೋ ಇಲ್ಲವೋ ಎಂಬುದು ರೋಗಾಣು ಯಾವುದು ಎಂಬುದರ ಮೇಲೆ ನಿಂತಿದೆ. ತೋಟದಲ್ಲಿ ಕಾಲಿಗೆ ಕತ್ತಿ ತಾಗಿದರೆ ಟಿಟಿ ಚುಚ್ಚಿಸಿಕೊಳ್ಳುತ್ತೇವಲ್ಲ, ಅಲ್ಲಿ ಆಂಟಿಬಾಡಿ ಗಟ್ಟಿ ಕಾವಲು. ಧನುರ್ವಾಯುವಿನಲ್ಲಿ ಜೀವ ತೆಗೆಯುವುದು ಬ್ಯಾಕ್ಟೀರಿಯಾ ಬಿಡುವ ವಿಷ. ಅದು ನರಕ್ಕೆ ಹತ್ತುವ ಮೊದಲೇ ಆಂಟಿಬಾಡಿ ಹಿಡಿದುಬಿಡುತ್ತದೆ.

ಆಫ್ರಿಕಾದ ಬಬೂನ್ ಎಂಬ ದೊಡ್ಡ ಮಂಗಗಳಿಗೆ ಈ ಅದೃಷ್ಟವಿಲ್ಲ. ಈ ಯಾಸ್ ಮನುಷ್ಯರಿಗೂ ಬರುತ್ತದೆ. 1960ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಬಬೂನ್‌ಗಳ ರಕ್ತ ನೋಡಿದಾಗ, ಯಾಸ್ ಜಾತಿಯ ಬ್ಯಾಕ್ಟೀರಿಯಾ ವಿರುದ್ಧದ ಆಂಟಿಬಾಡಿ ಸಿಕ್ಕಿತು. ಹಾಗಾದರೆ ರೋಗ ಬಂದು ಹೋಗಿದೆ ಅಂದುಕೊಳ್ಳಬಹುದಿತ್ತು, ಅಲ್ವಾ? ಆದರೆ 1966ರಲ್ಲಿ ಗಿನಿ ದೇಶದ ಒಂದು ಬಬೂನ್‌ನ ಮೊಣಕಾಲ ಹಿಂದಿನ ಲಿಂಫ್ ಗಂಟಿನಲ್ಲಿ, ಅಂದರೆ ಸೋಂಕನ್ನು ಸೋಸುವ ಸಣ್ಣ ಗ್ರಂಥಿಯಲ್ಲಿ, ಬ್ಯಾಕ್ಟೀರಿಯಾ ಜೀವಂತವಾಗಿಯೇ ಸಿಕ್ಕಿತು. ಆಂಟಿಬಾಡಿಯೂ ಇದೆ, ರೋಗಾಣುವೂ ಇದೆ!

ಈ ಬ್ಯಾಕ್ಟೀರಿಯಾ ಸುಮ್ನೆ ಸಿಗುವ ಪೈಕಿಯಲ್ಲ. ಆಂಟಿಬಾಡಿ ಅಂಟಿಕೊಳ್ಳಬೇಕಾದ ಪ್ರೋಟೀನುಗಳು ಇದರ ಹೊರಮೈಯಲ್ಲಿ ತೀರಾ ಕಡಿಮೆ. ಅದರಲ್ಲೂ ಒಂದು ಪ್ರೋಟೀನನ್ನು ಗೋಸುಂಬೆ ಬಣ್ಣದ ಹಾಗೆ ಬದಲಾಯಿಸುತ್ತಾ ಇರುತ್ತದೆ. ಹಳೆಯ ರೂಪಕ್ಕೆ ತಯಾರಾದ ಆಂಟಿಬಾಡಿ ಹೊಸ ರೂಪಕ್ಕೆ ಹೊಂದುವುದಿಲ್ಲ. ಟಾಂಜಾನಿಯಾದ ಮಾನ್ಯಾರಾ ಸರೋವರದ ಬಬೂನ್‌ಗಳಲ್ಲಿ ಗುಪ್ತಾಂಗದ ಹುಣ್ಣು ಮಾಂಸವನ್ನೇ ತಿಂದುಹಾಕಿದ್ದಿದೆ. ಮೈಮೇಲೆ ಒಂದು ಗುರುತೂ ಇಲ್ಲದೆ, ರಕ್ತದಲ್ಲಿ ಮಾತ್ರ ಆಂಟಿಬಾಡಿ ಹೊತ್ತ ಮಂಗಗಳೂ ಇವೆ. ಅವನ್ನು ಆಂಟಿಬಾಡಿ ಕಾಪಾಡಿದೆ ಎಂದು ಬರೀ ರಕ್ತ ನೋಡಿ ಹೇಳಿದರೆ ನಾನಂತೂ ಒಪ್ಪುವುದಿಲ್ಲ. ರೋಗಾಣು ಒಮ್ಮೆ ಒಳಗೆ ಬಂದಿತ್ತು ಅನ್ನುವಷ್ಟನ್ನೇ ಆ ಪರೀಕ್ಷೆ ಹೇಳುತ್ತದೆ.

ಇಷ್ಟು ತಲೆಬಿಸಿ ಯಾಕೆಂದರೆ, ಯಾಸ್ ರೋಗವನ್ನು 2030ರೊಳಗೆ ಜಗತ್ತಿನಿಂದಲೇ ತೆಗೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೊರಟಿದೆ. ಮನುಷ್ಯರಿಗೆ ಅಜಿತ್ರೋಮೈಸಿನ್ ಒಂದೇ ಡೋಸ್ ಸಾಕು. ಬಬೂನ್ ಹಿಂಡಿಗೆ ಮಾತ್ರೆ ನುಂಗಿಸುವವರು ಯಾರು? ಕಾಡಿನ ಮಂಗದಿಂದ ಜನರಿಗೆ ಇದು ತಾನಾಗಿ ದಾಟುತ್ತದೆ ಎಂಬುದು ಸಾಬೀತಾಗಿಲ್ಲ ಅನ್ನುವುದೊಂದು ಸಮಾಧಾನ. ನಮ್ಮ ದೇಶದಲ್ಲಿ ಕೊನೆಯ ರೋಗಿ ಕಂಡದ್ದು 2003ರಲ್ಲಿ. 2016ರಲ್ಲಿ ಭಾರತ ಯಾಸ್‌ಮುಕ್ತ ಎಂದು ಘೋಷಣೆಯೂ ಆಯಿತು.

ಹಾಗಾಗಿ ಮಡಿಕೇರಿಯ ರಾಜಾಸೀಟಿನಲ್ಲೋ ಬಾಳೆಗೊನೆ ಕೀಳಲು ತೋಟಕ್ಕೆ ನುಗ್ಗಿದಾಗಲೋ ಮಂಗ ಪರಚಿದರೆ, ಯಾಸ್ ಬಗ್ಗೆ ಯೋಚನೆ ಬೇಡ. ಸೋಪು ಹಾಕಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ, ಟಿಟಿ ಎರಡನ್ನೂ ಕೇಳಿ. ನಮಸ್ಕಾರ.