ಖಡಕ್ ರೊಟ್ಟಿ ಬಾಹ್ಯಾಕಾಶಕ್ಕ ಯಾಕ ಹೋಗಂಗಿಲ್ಲ?

[ದೃಶ್ಯ: ಧಾರವಾಡದ ಒಂದು ಖಾನಾವಳಿ. ತಾಟಿನ್ಯಾಗ ಖಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ]

ನಮಸ್ಕಾರ್ರೀ. ಹೋದ ವಾರ ಇಲ್ಲೇ ಉಣ್ಣಾಕ ಕುಂತಾಗ ಮೊಬೈಲಿನ್ಯಾಗ ಶುಭಾಂಶು ಶುಕ್ಲಾ ಅವರ ವಿಡಿಯೋ ಹಚ್ಚಿದ್ದೆ. 2025ರಾಗ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕ ಹೋದ್ರಲ್ಲ, ಗಜ್ಜರಿ ಹಲ್ವಾ, ಹೆಸರುಬ್ಯಾಳಿ ಹಲ್ವಾ, ಮಾವಿನ ರಸ ಒಯ್ದಿದ್ರು. ರೊಟ್ಟಿ ನೀಡಾಕ ಬಂದ ಅಕ್ಕಾರು ಹಣಿಕಿ ನೋಡಿ, "ಬರೇ ಸಿಹಿ ಒಯ್ದಾರಲ್ಲೋ ತಮ್ಮಾ! ನಮ್ಮ ಖಡಕ್ ರೊಟ್ಟಿ ತಿಂಗಳಾದ್ರೂ ಕೆಡಂಗಿಲ್ಲ, ತೂಕಾನೂ ಇಲ್ಲ. ಅದನ್ಯಾಕ ಒಯ್ಯಲಿಲ್ಲ?" ಅಂದ್ರು.

ಖರೇನ ಅಲ್ರೀ?

ಹಿಂದಿನ ಕತಿ ಲಗೂನ ಹೇಳಿಬಿಡ್ತೀನಿ. 1961ರಾಗ ಯೂರಿ ಗಗಾರಿನ್ 108 ನಿಮಿಷ ಹೋಗಿ ಬಂದ, ಟೂತ್‌ಪೇಸ್ಟಿನಂಥ ಟ್ಯೂಬ್ ಹಿಚುಕಿ ಉಂಡ. 1984ರಾಗ ನಮ್ಮ ರಾಕೇಶ್ ಶರ್ಮಾ ಹೋದ್ರು, ಅವರ ಬುತ್ತಿ ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯದಾಗ ತಯಾರಾಗಿತ್ತು. ಇದು ನಿಮಗ ಗೊತ್ತಿದ್ದದ್ದ. ನನಗ ಹಿಡಿಸಿದ್ದು ಒಂದು ಸ್ಯಾಂಡ್‌ವಿಚ್!

[ಸ್ಕ್ರೀನ್ ಮ್ಯಾಲ: 23 ಮಾರ್ಚ್ 1965, ಅಮೆರಿಕದ ಜೆಮಿನಿ 3 ನೌಕೆ]

ಜಾನ್ ಯಂಗ್ ಅನ್ನೋ ಗಗನಯಾತ್ರಿ ತನ್ನ ಸೂಟಿನ ಕಿಸೇದಾಗ ಒಂದು ಮಾಂಸದ ಸ್ಯಾಂಡ್‌ವಿಚ್ ಮುಚ್ಚಿಟ್ಟುಕೊಂಡು ಹೋದ. ಮ್ಯಾಲ ಹೋದ ಮ್ಯಾಲ ತಗದು ಜೋಡಿಗಾರ ಗಸ್ ಗ್ರಿಸಮ್‌ಗೆ ಕೊಟ್ಟ. ಅವ ಒಂದು ತುತ್ತು ಕಚ್ಚಿದ್ದಷ್ಟ, ಬ್ರೆಡ್ಡಿನ ಪುಡಿ ತೇಲಾಕ ಸುರು! ಗಾಬ್ರಿಯಾಗಿ ಕಿಸೇಕ ತುರುಕಿದ. ಇಳಿದು ಬಂದ ಮ್ಯಾಲ ಈ ಸ್ಯಾಂಡ್‌ವಿಚ್ಚಿನ ಮಾತು ಅಮೆರಿಕದ ಸಂಸತ್ತಿನ ತನಕ ಹೋತು. ಶಾಲ್ಯಾಗ ಕದ್ದು ಚುರಮರಿ ತಿಂದು ಸಿಕ್ಕವರಿಗೆ ಯಂಗ್‌ನ ಸಂಕಟ ತಿಳೀತದ. ಅಂವ ಮುಂದ 1972ರಾಗ ಚಂದ್ರನ ಮ್ಯಾಲೂ ಅಡ್ಡಾಡಿ ಬಂದ ಬಿಡ್ರಿ.

ಪುಡಿ ಅಂದ್ರ ಅಷ್ಟ್ಯಾಕ ಅಂಜಿಕಿ? ಇಲ್ಲಿ ಚೂರು ಬಿದ್ರ ನೆಲಕ್ಕ, ಕಸಬರಗಿ ಐತಿ. ಅಲ್ಲಿ ಬೀಳೂದ ಇಲ್ಲ. ಕಣ್ಣಾಗ, ಮೂಗಿನ್ಯಾಗ, ಯಂತ್ರದ ಸಂದಿಯಾಗ ಹೊಕ್ಕೊಳ್ತದ. ಅದಕ್ಕ ಅಲ್ಲಿ ಉಪ್ಪನ್ನ ನೀರಿನ್ಯಾಗ, ಕರಿಮೆಣಸಿನ ಪುಡೀನ್ನ ಎಣ್ಣ್ಯಾಗ ಕಲಸಿ ಕೊಡ್ತಾರ.

ಈಗ ಈ ರೊಟ್ಟಿ ನೋಡ್ರಿ.

[ಮೈಕಿನ ಹತ್ರ ರೊಟ್ಟಿ ಮುರೀತಾನ. ಕಟಂ! ಚೂರು ಮೇಜಿನ ತುಂಬ]

ಈ ಸಪ್ಪಳಾನ ನಮ್ಮ ವೈರಿ. ಗೋಧಿಯೊಳಗ ಗ್ಲುಟೆನ್ ಅನ್ನೋ ಅಂಟು ಇರ್ತದ, ಚಪಾತಿ ಮಡಿಚಿದ್ರೂ ಮುರಿಯಂಗಿಲ್ಲ. ನಮ್ಮ ರೊಟ್ಟಿ ಜೋಳದ್ದು, ಜೋಳದಾಗ ಆ ಅಂಟು ಇಲ್ಲ. ಅದಕ್ಕ ನಮ್ಮ ಅವ್ವಗೋಳು ಕುದಿಯೋ ಎಸರು ಹಾಕಿ ಹಿಟ್ಟು ನಾದಿ ಜಿಗಿ ತರ್ತಾರ. ಆ ಜಿಗಿ ಬಿಸಿ ರೊಟ್ಟಿಗಷ್ಟ. ಒಣಗಿತೋ, ಹಪ್ಪಳ! ಮೆಕ್ಸಿಕೋದ ಮೊದಲನೇ ಗಗನಯಾತ್ರಿ ರೊಡಾಲ್ಫೋ ನೇರಿ ವೇಲಾ 1985ರಾಗ ತನ್ನೂರಿನ ಟೋರ್ಟಿಯಾ ಒಯ್ದ. ಅದು ಮೆತ್ತಗ ಸುತ್ತಿಕೊಂಡು ತಿನ್ನೂದು, ಪುಡಿ ಕಡಿಮಿ. ಆಮ್ಯಾಲ ಬ್ರೆಡ್ಡಿನ ಜಾಗಾ ಅದಕ್ಕ ಹೋತು. ನಮಗಿಂತ ಮೊದಲ ಮೆಕ್ಸಿಕೋದವರು ರೊಟ್ಟಿ ಮುಟ್ಟಿಸಿಬಿಟ್ಟಾರ, ಇದಕ್ಕ ನನಗ ಸಿಟ್ಟೈತಿ.

ಹಂಗಾರ ಅಲ್ಲೇ ಬಿಸಿ ರೊಟ್ಟಿ ಬಡದ್ರ? ಒಣ ಹಿಟ್ಟು ಉದುರಿಸಿ ಒಂದು ಸಲ ಬಡೀರಿ, ಇಡೀ ನಿಲ್ದಾಣ ಗಿರಣಿ ಆಗ್ತದ. ಅಲ್ಲಿ ಒಲಿನೂ ಇಲ್ಲ. ಒಮ್ಮೆ ಸಣ್ಣ ಓವನ್ ಒಯ್ದು ಬಿಸ್ಕೀಟು ಬೇಯಿಸಿದ್ರು, ಒಂದು ಬೇಯಾಕ ಸುಮಾರು ಎರಡು ತಾಸು ಹಿಡೀತು. ಧಾರವಾಡ ಪೇಢೆನೂ ನಡಿಯಂಗಿಲ್ಲ, ಮೈತುಂಬ ಸಕ್ಕರಿ ಪುಡಿ ಹಚ್ಕೊಂಡಿರ್ತದ!

ಆದ್ರ ಮೆಣಸಿನಕಾಯಿ ಗೆದ್ದೈತಿ. ತೂಕ ಇಲ್ಲದಾಗ ಮೈಯ್ಯಾಗಿನ ನೀರು ಮುಖಕ್ಕ ಏರಿ, ನೆಗಡಿ ಬಂದಂಗ ಮೂಗು ಕಟ್ಟತದ, ಊಟ ಸಪ್ಪಗಾಗತದ. ಭಾಳ ಮಂದಿ ಖಾರ ಬೇಡ್ತಾರ. 2021ರಾಗ ನಿಲ್ದಾಣದಾಗ ಮೆಣಸಿನಗಿಡ ಬೆಳೆಸಿ, ಕಾಯಿ ಕಿತ್ತು, ಟ್ಯಾಕೋ ಅನ್ನೋ ಮಡಚಿದ ಟೋರ್ಟಿಯಾದಾಗ ಹಾಕ್ಕೊಂಡು ತಿಂದಾರ. ಬ್ಯಾಡಗಿಯವರು ಕೇಳ್ಸಿಕೊಂಡ್ರಿ? ನಮ್ಮ ರಂಜಕ, ಅಂದ್ರ ಕೆಂಪು ಮೆಣಸಿನಕಾಯಿ ಚಟ್ನಿ, ಹಸಿ, ಅಂಟಂಟು, ಹಾರಂಗಿಲ್ಲ.

ಟೈಮ್ ಆತು, ಗಗನಯಾನ, ಮಂಗಳ ಒಟ್ಟಿಗೇ ಮುಗಿಸ್ತೀನಿ. ಗಗನಯಾನ, ಅಂದ್ರ ಮನುಷ್ಯಾರನ್ನ ಬಾಹ್ಯಾಕಾಶಕ್ಕ ಕಳಸೋ ನಮ್ಮ ದೇಶದ ಯೋಜನೆ, 400 ಕಿಲೋಮೀಟರ್ ಎತ್ತರದ ಮಾತು, ಬುತ್ತಿ ಕಟ್ಟಿದ್ರ ಸಾಕು. ಮಂಗಳಕ್ಕ ಹೋಗಾಕ ಆರೇಳು ತಿಂಗಳು, ನಡುವ ರೇಷನ್ ಬರಂಗಿಲ್ಲ. ಅಲ್ಲಿ ಬೆಳೆಯಾಕ ಬೇಕು.

ಇದನ್ನೆಲ್ಲಾ ಅಕ್ಕಾರಿಗೆ ಹೇಳಿದೆ. ತಾಟು ಎತ್ತಿಕೊಂತ ಅಂದ್ರು: "ರೊಟ್ಟಿ ಬ್ಯಾಡಾದ್ರ ಜೋಳದ ನುಚ್ಚು ಒಯ್ಯಲಿ. ಚಮಚಕ್ಕ ಅಂಟಿಕೊಂಡ ಕುಂದರ್ತೈತಿ."

ಹೌದಲ್ರೀ! ಒಣಗಿಸಿ ಒಯ್ದು, ಚೀಲಕ್ಕ ಬಿಸಿನೀರು ಹಾಕಿ ಉಣ್ಣೂದ ಅಲ್ಲಿನ ಪದ್ಧತಿ. ಮಜ್ಜಿಗಿ ಮಾತ್ರ ಟ್ಯೂಬಿನ್ಯಾಗ.