ಕೆಟ್ಟಿಲ್ಲ ಸ್ವಾಮಿ, ಅದು ಸಿಪ್ಪೆ!

ನಮಸ್ಕಾರ. ಜಾರ್ಜಿಯಾ ವೈನ್ ವಿಡಿಯೋ ಹಾಕಿದ್ದೇ ತಡ, ಕೆಳಗೊಂದು ಕಾಮೆಂಟು: "ವೈಟ್ ವೈನ್ ಅಂತೀರಾ, ನೋಡೋಕೆ ಟೀ ಡಿಕಾಕ್ಷನ್ ಥರ ಇದೆ. ಕೆಟ್ಟೋಗಿದೆ ಬಿಡಿ." ಅದಕ್ಕೆ ಲೈಕ್ ಬೇರೆ!

ಕೆಟ್ಟಿಲ್ಲ ಸ್ವಾಮಿ. ಅದು ಸಿಪ್ಪೆಯ ಬಣ್ಣ.

ಈ ವೈನ್ ಕಾಖೇತಿಯದ್ದು, ಅಂದ್ರೆ ಜಾರ್ಜಿಯಾದ ಪೂರ್ವ ಭಾಗದ್ದು. ಅಮೆರಿಕದ ಜಾರ್ಜಿಯಾ ಅಲ್ಲಪ್ಪಾ, ಕಾಕಸಸ್ ಬೆಟ್ಟದ್ದು. ಅಲ್ಲಿನ ಬಿಳಿ ದ್ರಾಕ್ಷಿ ರ್ಕಾತ್ಸಿತೇಲಿ. ನಾಲಿಗೆ ಹೊರಳದಿದ್ರೂ ಪರವಾಗಿಲ್ಲ. ಬೇರೆ ಕಡೆ ವೈಟ್ ವೈನ್‌ಗೆ ಹಣ್ಣು ಹಿಂಡಿ ಸಿಪ್ಪೆ ತೆಗೆದುಬಿಡ್ತಾರೆ. ಇಲ್ಲಿ ರಸ, ಸಿಪ್ಪೆ, ಬೀಜ, ಮಾಗಿದ ತೊಟ್ಟು ಎಲ್ಲಾ ಸೇರಿಸಿ, ನೆಲದಲ್ಲಿ ಕತ್ತಿನವರೆಗೂ ಹೂತಿಟ್ಟ ಮಣ್ಣಿನ ಗುಡಾಣಕ್ಕೆ ಸುರೀತಾರೆ. ಅದೇ ಕ್ವೇವ್ರಿ. ಒಳಗೆ ಜೇನುಮೇಣದ ಲೇಪ. ಹುದುಗುವಾಗ ಸಿಪ್ಪೆ ಮೇಲೆ ತೇಲಿ ಗಟ್ಟಿ ಪದರ ಕಟ್ಟುತ್ತೆ. ದಿನಕ್ಕೆ ಮೂರ್ನಾಲ್ಕು ಸಲ ಕೋಲಿನಿಂದ ಅದನ್ನ ಒಳಕ್ಕೆ ಅದುಮಬೇಕು. ಸೋಮಾರಿತನ ಮಾಡಿದ್ರೆ ಪದರ ಒಣಗಿ, ಗಾಳಿ ತಾಗಿ, ವಿನೆಗರ್ ವಾಸನೆ ಶುರು. ಹುದುಗೋದು ನಿಂತ ಮೇಲೆ ಸಿಪ್ಪೆ ತಾನೇ ಮುಳುಗುತ್ತೆ. ಆಗ ಬಾಯಿ ಮುಚ್ಚಿ, ಅಂಚಿಗೆ ಜೇಡಿಮಣ್ಣು ಮೆತ್ತಿ, ಐದಾರು ತಿಂಗಳು ಬಿಡ್ತಾರೆ. ತಳ ಮೊನಚು, ಹಾಗಾಗಿ ಬೀಜ ಅಡಿಗೆ ಸೇರಿ ಅದರ ಮೇಲೆ ಸಿಪ್ಪೆ ಕೂರುತ್ತೆ, ಬೀಜದ ಕಹಿ ಜಾಸ್ತಿ ಇಳಿಯಲ್ಲ. ಇದೇ ವಿಧಾನ 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಅವರಿಗೂ ಕೆಟ್ಟೋಗಿರೋದೇ ಕೊಟ್ರಾ?

"ಗಾಳಿ ತಾಗಿ ಕಂದಾಗಿದೆ" ಅಂತ ಇನ್ನೊಬ್ಬ ಪಂಡಿತರು. ಬನ್ನಿ, ಪಶ್ಚಿಮದ ಇಮೆರೇತಿಗೆ ಹೋಗೋಣ. ತ್ಸಿತ್ಸ್ಕಾ, ತ್ಸೊಲಿಕೌರಿ ದ್ರಾಕ್ಷಿ. ಹೂತ ಗುಡಾಣ ಅಲ್ಲೂ ಇದೆ, ಆದ್ರೆ ಸಿಪ್ಪೆ ಸ್ವಲ್ಪವೇ ಹಾಕ್ತಾರೆ. ಬಣ್ಣ? ತಿಳಿ ಹಳದಿ! ಗುಡಾಣ ಅದೇ, ಸಿಪ್ಪೆ ಕಮ್ಮಿ, ಬಣ್ಣ ಕಮ್ಮಿ. ಇನ್ನೇನು ಸಾಕ್ಷಿ ಬೇಕು?

ಕೆಟ್ಟಿದೆಯಾ ಅಂತ ಮೂಗು ಹೇಳಬೇಕು, ಕಣ್ಣಲ್ಲ. ವಿನೆಗರ್, ನೇಲ್ ಪಾಲಿಶ್, ಬೂಷ್ಟಿನ ವಾಸನೆ ಬಂದ್ರೆ ಚೆಲ್ಲಿ. ಇಲ್ದಿದ್ರೆ ಸುಮ್ಮನೆ ಕುಡೀರಿ, ಅದೂ 14ರಿಂದ 16 ಡಿಗ್ರಿಯಲ್ಲಿ. ಫ್ರಿಜ್‌ನಿಂದ ನೇರ ತೆಗೆದು ಕುಡಿದು "ಒಗರು, ಒಗರು" ಅಂತ ಅಳಬೇಡಿ. ತಣ್ಣಗಾದಷ್ಟೂ ಒಗರು ಎದ್ದು ಕಾಣುತ್ತೆ.

"ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ಹೀಗೆ ಮಾಡಬಹುದಾ?" ಅಂತ ಮತ್ತೊಂದು ಕಾಮೆಂಟು. ಅದರ ಮೂಲ ಅಮೆರಿಕದ ಲಬ್ರಸ್ಕಾ ಅನ್ನೋ ಬೇರೆ ದ್ರಾಕ್ಷಿ ಜಾತಿ, ಅದಕ್ಕೇ ಬೇರೆ ವಿಡಿಯೋ ಬರುತ್ತೆ, ಬೆಲ್ ಒತ್ತಿ.

ಮತ್ತೆ ಹೇಳ್ತೀನಿ: ಸಿಪ್ಪೆ! ಸಿಪ್ಪೆ! ಸಿಪ್ಪೆ! ಹಾಂ, ಸಪೆರಾವಿ ಒಂದು ಬಿಟ್ಟು. ಆ ಕಪ್ಪು ದ್ರಾಕ್ಷಿಯ ತಿರುಳೇ ಕೆಂಪು. ಅದನ್ನ ಹಿಡ್ಕೊಂಡು ಜಗಳಕ್ಕೆ ಬರಬೇಡಿ. ಬರಲೇಬೇಕು ಅಂದ್ರೆ ಸಬ್‌ಸ್ಕ್ರೈಬ್ ಮಾಡ್ಕೊಂಡು ಬನ್ನಿ.